ಎಂಬತ್ತಾರು ಸಾವಿರದ ನಾನೂರು ಸೆಕೆಂಡು

ಭಾಯಿಯ ಕೆಲಸ ಹೋದ ಸುದ್ದಿ ಅವರಿಗಿಂತ ಏಳು ಗಂಟೆ ಮೊದಲೇ ನನಗೆ ಗೊತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರಿಗಾದರೂ ಈ ಸಂಗತಿ ಹೇಳುವಾಗಲೆಲ್ಲ ಅದೊಂದನ್ನು ಮಾತ್ರ ನುಂಗಿಕೊಂಡು ಉಳಿದದ್ದನ್ನು ಹೇಳುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ನಮ್ಮ ಆಫೀಸು ಶಿವಮೊಗ್ಗದ ಕೋಟೆ ಹತ್ತಿರ, ಒಂದು ಪಾತ್ರೆ ಅಂಗಡಿಯ ಮಹಡಿಯ ಮೇಲಿತ್ತು. ಎರಡು ಕೋಣೆ, ಆರು ಜನ. ಆಸ್ಪತ್ರೆಗಳಲ್ಲಿ ರಕ್ತ, ಲಸಿಕೆ, ಇನ್ಸುಲಿನ್ ಇಡುವ ಫ್ರಿಜ್‌ಗಳಿಗೆ ನಾವು ಒಂದು ಸಣ್ಣ ಪೆಟ್ಟಿಗೆ ಜೋಡಿಸುತ್ತಿದ್ದೆವು. ಒಳಗಿನ ಶಾಖ ಹೆಚ್ಚಾದರೆ ಪೆಟ್ಟಿಗೆ ಕೂಗಿಕೊಳ್ಳುತ್ತಿತ್ತು, ನಮ್ಮ ಸರ್ವರ್‌ಗೂ ಸುದ್ದಿ ಕಳಿಸುತ್ತಿತ್ತು. ಸಾಫ್ಟ್‌ವೇರ್ ಬರೆಯುವವಳು ನಾನು. ಅದಕ್ಕೆ ಮೊದಲು ಭದ್ರಾವತಿಯ ಒಂದು ಕಾಲೇಜಿನಲ್ಲಿ ಹನ್ನೊಂದು ವರ್ಷ ಕಂಪ್ಯೂಟರ್ ಪಾಠ ಮಾಡಿದ್ದೆ. ಮಾಲೀಕರು ನನಗಿಂತ ಚಿಕ್ಕವರು, ತೋಟ ಗದ್ದೆ ಇದ್ದ ಮನೆಯವರು. ಕಂಪನಿಯನ್ನು ನಿಜವಾಗಿ ಪ್ರೀತಿಸುತ್ತಿದ್ದರು, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ.

ಪೆಟ್ಟಿಗೆ ಕೂರಿಸುವುದು, ಕೆಟ್ಟರೆ ಹೋಗಿ ನೋಡುವುದು ಭಾಯಿಯ ಕೆಲಸ. ಎಲ್ಲರೂ ಅವರನ್ನು ಭಾಯಿ ಅಂತಲೇ ಕರೆಯುತ್ತಿದ್ದರು. ಐವತ್ತೈದು ದಾಟಿತ್ತು. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೀಟರು, ಗೇಜುಗಳನ್ನು ರಿಪೇರಿ ಮಾಡುತ್ತಿದ್ದವರು. ಅದು ಬಾಗಿಲು ಹಾಕಿದ ಮೇಲೆ ನಮ್ಮಲ್ಲಿಗೆ ಬಂದರು. ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ ಬೆಳೆದದ್ದರಿಂದ ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ತಮಿಳು, ಆಸ್ಪತ್ರೆಯಲ್ಲಿ ಕನ್ನಡ. ಯಾವ ಪೆಟ್ಟಿಗೆಯ ಮೇಲೆ ಕೈ ಇಟ್ಟರೂ ಮೊದಲು ಒಂದು ಗಳಿಗೆ ಸುಮ್ಮನೆ ಮುಟ್ಟಿಕೊಂಡು ನಿಲ್ಲುತ್ತಿದ್ದರು, ಜ್ವರ ನೋಡುವವರ ಹಾಗೆ. ಮೋಟಾರಿನ ನಡುಕದಲ್ಲೇ ಫ್ರಿಜ್ಜಿನ ಆಯುಷ್ಯ ಹೇಳಿಬಿಡುತ್ತಿದ್ದರು.

ಅವರ ಹತ್ತಿರ ಕಂಪನಿಯ ಒಂದು ಹಳೆ ಟ್ಯಾಬ್ ಇತ್ತು. ಅದರಿಂದ ಸರ್ವರ್‌ಗೆ ಬಂದು ಪೆಟ್ಟಿಗೆಗಳ ಸೆಟ್ಟಿಂಗ್ ಬದಲಾಯಿಸಬೇಕು. ಈ ಬಂದುಹೋಗುವ ಮಾತೆಲ್ಲ ಗುಟ್ಟಾಗಿರಬೇಕಲ್ಲ, ಅದಕ್ಕೆ ಜಗತ್ತಿನ ಬಹಳಷ್ಟು ಜನ ಬಳಸುವ ಒಂದು ಲೈಬ್ರರಿಯನ್ನೇ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನೇ, ನಾನೂ ಬಳಸಿದ್ದೆ. ಅದರ ಕ್ರಮ ಹೀಗೆ. ಟ್ಯಾಬ್ ಮೊದಲ ಸಲ ಬಂದಾಗ ಸರ್ವರ್ ಅದರ ಗುರುತಿನ ಪತ್ರ ಕೇಳುತ್ತದೆ, ಪತ್ರ ಅಸಲಿಯೇ, ರದ್ದಾಗಿಲ್ಲ ತಾನೇ ಎಂದು ನೋಡುತ್ತದೆ, ಇಬ್ಬರೂ ಸೇರಿ ಒಂದು ರಹಸ್ಯದ ಕೀಲಿ ಮಾಡಿಕೊಳ್ಳುತ್ತಾರೆ. ಇದಕ್ಕೆ ಹೊತ್ತು ಹಿಡಿಯುತ್ತದೆ. ಹಾಗಾಗಿ ಒಮ್ಮೆ ಪರಿಚಯವಾದ ಮೇಲೆ ಅದನ್ನು ಒಂದು ಸೆಷನ್ ಎಂದು ನೆನಪಿಟ್ಟುಕೊಳ್ಳುತ್ತಾರೆ. ಆ ಸೆಷನ್ನಿನ ಅವಧಿ ಮುಗಿಯುವವರೆಗೆ ಟ್ಯಾಬ್ ಎಷ್ಟು ಸಲ ಬಂದರೂ ಸರ್ವರ್ ಪತ್ರ ಕೇಳುವುದಿಲ್ಲ, ಹಳೆ ಪರಿಚಯದ ಮೇಲೆ ಒಳಗೆ ಬಿಡುತ್ತದೆ. ಅವಧಿ ಎಷ್ಟಿರಬೇಕು ಅನ್ನುವುದನ್ನು ಬರೆಯುವವರು ತೀರ್ಮಾನಿಸಬಹುದು. ನಾನು ಏನೂ ತೀರ್ಮಾನಿಸಿರಲಿಲ್ಲ. ಲೈಬ್ರರಿ ತಾನಾಗಿ ಕೊಟ್ಟಿದ್ದು ಮುನ್ನೂರು ಸೆಕೆಂಡು, ಐದು ನಿಮಿಷ, ಹಾಗೇ ಇತ್ತು.

ಒಂದು ದಿನ ಭಾಯಿ ಆಫೀಸಿಗೆ ಬಂದವರು ಟ್ಯಾಬನ್ನು ನನ್ನ ಮೇಜಿನ ಮೇಲಿಟ್ಟು ಕುರ್ಚಿ ಎಳೆದುಕೊಂಡು ಕೂತರು.

"ಮೇಡಂ, ಭದ್ರಾವತಿ ಹಳೆ ಊರಿನ ಕಡೆ ಸಿಗ್ನಲ್ ಎಷ್ಟಿರುತ್ತೆ ನಿಮಗೆ ಗೊತ್ತು. ಒಂದೊಂದು ಸಲ ಒಳಗೆ ಹೋಗೋಕೆ ಕಾಲು ಗಂಟೆ. ಮೆಟ್ಟಿಲು ಹತ್ತಿ ಇನ್ನೊಂದು ಫ್ರಿಜ್ ಹತ್ರ ಹೋಗೋಷ್ಟರಲ್ಲಿ ಮತ್ತೆ ಮೊದಲಿಂದ ಶುರು. ಐದು ನಿಮಿಷಕ್ಕೊಂದು ಸಲ ನೀನ್ಯಾರು, ನೀನ್ಯಾರು ಅಂದ್ರೆ ಹೆಂಗೆ? ಬೆಳಿಗ್ಗೆ ತಾನೇ ಹೇಳಿದ್ನಲ್ಲ!"

ನಾನು ನಕ್ಕೆ. ಅವರು ನಗಲಿಲ್ಲ. ಆ ದಿನ ಯಾವುದೋ ನರ್ಸಿಂಗ್ ಹೋಮಿನಲ್ಲಿ ಡಾಕ್ಟರರೊಬ್ಬರು ಎಲ್ಲರೆದುರು, ಕೆಲಸ ಬರದಿದ್ದ ಮೇಲೆ ಯಾಕೆ ಬರ್ತೀರಿ ಅಂದಿದ್ದರಂತೆ.

ಅವರು ಎದುರಿಗೆ ಕೂತಿರುವಾಗಲೇ ಆ ಸಾಲು ತೆಗೆದು ಮುನ್ನೂರು ಅಳಿಸಿ ಎಂಬತ್ತಾರು ಸಾವಿರದ ನಾನೂರು ಎಂದು ಬರೆದೆ. ಒಂದು ದಿನದ ಸೆಕೆಂಡುಗಳು. ಲೈಬ್ರರಿಯ ಕೈಪಿಡಿಯಲ್ಲಿ ಇದಕ್ಕೊಂದು ಎಚ್ಚರಿಕೆ ಇತ್ತು. ಸೆಷನ್ ಬದುಕಿರುವಾಗ ಪತ್ರ ರದ್ದಾಗಿದೆಯೇ ಎಂದು ಮತ್ತೆ ನೋಡುವುದಿಲ್ಲ, ಒಬ್ಬರನ್ನು ಹೊರಗೆ ಹಾಕಬೇಕಾದರೆ ಅವರ ಸೆಷನ್ನನ್ನೂ ಕೈಯಾರೆ ತೆಗೆದುಹಾಕಬೇಕು ಎಂದು. ಅದಕ್ಕೆ ಬೇಕಿದ್ದದ್ದು ಒಂದೇ ಒಂದು ಸಾಲು. ಆಮೇಲೆ ನೋಡೋಣ ಎಂದು ಕೋಡಿನಲ್ಲಿ ಒಂದು ಟಿಪ್ಪಣಿ ಬರೆದಿಟ್ಟೆ. ನೋಡಲಿಲ್ಲ.

ಮರುದಿನ ಭಾಯಿ ಫೋನ್ ಮಾಡಿ "ಮೇಡಂ, ಬೆಣ್ಣೆ ಥರ ಹೋಗ್ತಿದೆ" ಅಂದರು.

ಒಂದು ವರ್ಷ ಕಳೆಯಿತು. ಶಿವಮೊಗ್ಗದ ಒಂದು ದೊಡ್ಡ ಆಸ್ಪತ್ರೆ ನಮ್ಮ ಪೆಟ್ಟಿಗೆಗಳನ್ನು ತೆಗೆದುಕೊಳ್ಳುವ ಮಾತು ಬಂತು. ಅವರು ಭದ್ರತೆಯ ಬಗ್ಗೆ ಉದ್ದನೆಯ ಪ್ರಶ್ನಾವಳಿ ಕಳಿಸಿದರು. ಕೆಲಸ ಬಿಟ್ಟವರ ಪ್ರವೇಶ ಎಷ್ಟು ಹೊತ್ತಿನಲ್ಲಿ ನಿಲ್ಲುತ್ತದೆ ಅನ್ನುವುದು ಅದರಲ್ಲೊಂದು ಪ್ರಶ್ನೆ. ಹಳೆಯ ಕಡತ ನೋಡಿ "ಐದು ನಿಮಿಷದೊಳಗೆ" ಎಂದು ತುಂಬಿದೆ, ಕೆಳಗೆ ಸಹಿ ಮಾಡಿದೆ. ಬರೆಯುವಾಗ ನೆನಪಾಗಲಿಲ್ಲ ಎಂದು ಈಗಲೂ ಹೇಳಿಕೊಳ್ಳುತ್ತೇನೆ. ಅದು ಪೂರ್ತಿ ನಿಜ ಹೌದೋ ಅಲ್ಲವೋ ನನಗೇ ಗೊತ್ತಿಲ್ಲ.

ಅದೇ ಹೊತ್ತಿಗೆ ಹೊಸ ಬಗೆಯ ಪೆಟ್ಟಿಗೆ ಬಂದಿತ್ತು. ಆಸ್ಪತ್ರೆಯವರೇ ಗೋಡೆಗೆ ಅಂಟಿಸಿಕೊಳ್ಳಬಹುದು, ಯಾರೂ ಹೋಗಬೇಕಿಲ್ಲ. ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಮಾಲೀಕರು ನನ್ನನ್ನು ಒಳಗೆ ಕರೆದರು.

"ಭಾಯಿನ ಇವತ್ತಿಂದ ಬಿಡಿಸ್ತಾ ಇದ್ದೀನಿ. ನೀವು ಅವರ ಆಕ್ಸೆಸ್ ಈಗಲೇ ತೆಗೆದುಬಿಡಿ. ಸಂಜೆ ನಾನೇ ಹೇಳ್ತೀನಿ."

"ಮೊದಲು ಅವರಿಗೆ ಹೇಳಿದ್ರೆ ಒಳ್ಳೇದಲ್ವಾ?" ಅಂದೆ.

"ಮಾರಾಯ್ತಿ, ದೊಡ್ಡ ಆಸ್ಪತ್ರೆಯವರ ಆಡಿಟ್ ಬರ್ತಾ ಇದೆ. ಎಲ್ಲಾ ಕಡೆ ಹೀಗೇ ಮಾಡೋದು. ಮೊದಲು ಆಕ್ಸೆಸ್ಸು, ಆಮೇಲೆ ಮಾತು."

ನನ್ನ ಮೇಜಿಗೆ ಬಂದು ಭಾಯಿಯ ಗುರುತಿನ ಪತ್ರವನ್ನು ರದ್ದಾದವರ ಪಟ್ಟಿಗೆ ಸೇರಿಸಿದೆ. ಹತ್ತೂಕಾಲು ಆಗಿರಬಹುದು. ಅವರ ನಂಬರು ಫೋನಿನಲ್ಲಿ ಮೇಲೆಯೇ ಇತ್ತು, ಹಿಂದಿನ ದಿನ ತಾನೇ ಮಾತಾಡಿದ್ದೆವು. ಬೆರಳು ಅದರ ಮೇಲೆ ಇಟ್ಟಿದ್ದೆ. ಮಾಲೀಕರು ಗಾಜಿನ ಆಚೆಯಿಂದ ನೋಡುತ್ತಿದ್ದಾರೆ ಅನ್ನಿಸಿತು. ಫೋನ್ ಮಗುಚಿಟ್ಟು ಬೇರೆ ಕೆಲಸ ತೆಗೆದುಕೊಂಡೆ. ಮಧ್ಯಾಹ್ನ ಡಬ್ಬಿ ತೆರೆದು ಚಿತ್ರಾನ್ನ ತಿಂದದ್ದೂ ನೆನಪಿದೆ.

ಭಾಯಿ ಆ ಬೆಳಿಗ್ಗೆ ಒಂಬತ್ತು ಗಂಟೆಗೆ ಭದ್ರಾವತಿಯಿಂದ ಸರ್ವರ್‌ಗೆ ಬಂದಿದ್ದರು. ಅವರ ಸೆಷನ್ ಮರುದಿನ ಒಂಬತ್ತರವರೆಗೆ ಜೀವಂತ. ಇದು ನನಗೆ ಹೊಳೆಯಲೇ ಇಲ್ಲ.

ಮಧ್ಯಾಹ್ನ ಎರಡೂವರೆಗೆ ಅಲ್ಲಿನ ಒಂದು ನರ್ಸಿಂಗ್ ಹೋಮಿನ ಫ್ರಿಜ್ ಕೈಕೊಟ್ಟಿತು, ಪೆಟ್ಟಿಗೆ ಕೂಗತೊಡಗಿತು. ಅಲ್ಲಿನ ಹಿರಿಯ ಸಿಸ್ಟರ್ ಯಾವತ್ತಿನಂತೆ ನೇರವಾಗಿ ಭಾಯಿಗೆ ಫೋನ್ ಮಾಡಿದರು. ಭಾಯಿ ಹೋದರು. ಟ್ಯಾಬಿನಿಂದ ಒಳಗೆ ಬಂದು ಅಲಾರಂ ಸುಮ್ಮನಾಗಿಸಿದರು, ಅದು ಮತ್ತೆ ಮತ್ತೆ ಕೂಗದಿರಲೆಂದು ಶಾಖದ ಮಿತಿಯನ್ನು ಮೇಲಕ್ಕೆ ಏರಿಸಿದರು. ಆಮೇಲೆ ಸಿಸ್ಟರ್ ಜೊತೆ ಸೇರಿ ಔಷಧಿಯನ್ನೆಲ್ಲ ಕೆಳಗಿನ ಮಹಡಿಯ ಇನ್ನೊಂದು ಫ್ರಿಜ್ಜಿಗೆ ಸಾಗಿಸಿದರು. ಐದು ಗಂಟೆಗೆ ಅವರು ಅಲ್ಲೇ ಕೈ ತೊಳೆಯುತ್ತಿದ್ದಾಗ ಮಾಲೀಕರ ಫೋನ್ ಬಂತಂತೆ.

ಬುಧವಾರ ಬೆಳಿಗ್ಗೆ ಮಾಲೀಕರು ಸರ್ವರ್ ದಾಖಲೆಯ ಲಾಗ್ ಹಾಳೆಯನ್ನು ಪ್ರಿಂಟ್ ತೆಗೆದು ಕೈಯಲ್ಲಿ ಹಿಡಿದೇ ಬಂದರು. ಮುಖ ಕೆಂಪಾಗಿತ್ತು.

"ನೋಡಿ ಇಲ್ಲಿ. ನಿನ್ನೆ ಮಧ್ಯಾಹ್ನ. ಅಲಾರಂ ಬಂದ್ ಮಾಡಿದ್ದಾರೆ, ಲಿಮಿಟ್ ಏರಿಸಿದ್ದಾರೆ. ಕೆಲಸದಿಂದ ತೆಗೆದ ಮೇಲೆ! ನೀವು ಆಕ್ಸೆಸ್ ತೆಗೆದಿದ್ರಿ ತಾನೇ?"

"ತೆಗೆದಿದ್ದೆ."

"ಹಾಗಾದ್ರೆ ಹೇಗೆ ಬಂದ್ರು?"

ಆ ಹಾಳೆಯಲ್ಲಿ ಪ್ರತಿ ಸಾಲಿನ ಕೊನೆಗೆ ಒಂದು ಅಕ್ಷರ ಇರುತ್ತದೆ. ಹೊಸ ಪರಿಚಯವೋ, ಹಳೆಯ ಸೆಷನ್ನೋ ಎಂದು ಹೇಳುವ ಅಕ್ಷರ. ಅದನ್ನು ಹಾಕಿಸಿದವಳೇ ನಾನು. ನೋಡಿದ ಕೂಡಲೇ ಗೊತ್ತಾಯಿತು.

"ನೋಡ್ತೀನಿ ಸರ್" ಅಂದೆ.

"ಹ್ಯಾಕ್ ಮಾಡಿದ್ದಾರೆ. ಸಿಟ್ಟಿಗೆ ಮಾಡಿದ್ದಾರೆ. ಆ ಫ್ರಿಜ್ಜಲ್ಲಿದ್ದ ಔಷಧಿ ಕೆಟ್ಟು ಯಾರಿಗಾದ್ರೂ ಕೊಟ್ಟಿದ್ರೆ ಏನು ಗತಿ?"

"ನೋಡ್ತೀನಿ ಸರ್" ಅಂತ ಇನ್ನೊಮ್ಮೆ ಅಂದೆ.

ಅವರು ಮಧ್ಯಾಹ್ನವೇ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟರು. ಗುರುವಾರ ಪೊಲೀಸರು ಭಾಯಿಯನ್ನು ಕರೆಸಿದರು, ಟ್ಯಾಬ್ ಇಟ್ಟುಕೊಂಡರು, ಬೆಳಿಗ್ಗೆಯಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿದರು. ಶುಕ್ರವಾರವೂ ಕರೆಸಿದರು. ಇದೆಲ್ಲ ಆಫೀಸಿನಲ್ಲಿ ಒಬ್ಬರಿಂದ ಒಬ್ಬರಿಗೆ ತಿಳಿಯುತ್ತಿತ್ತು. ನಾನು ಆ ಮೂರು ದಿನ ಏನು ಮಾಡಿದೆ? ಕೋಡ್ ತೆರೆದು ಅವಧಿಯನ್ನು ಮತ್ತೆ ಮುನ್ನೂರಕ್ಕೆ ಇಳಿಸಿದೆ. ಆ ಬಿಟ್ಟುಹೋದ ಒಂದು ಸಾಲನ್ನೂ ಸೇರಿಸಿದೆ. ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ಹತ್ತು ಸಲ ಪರೀಕ್ಷೆ ಮಾಡಿದೆ, ಎಂದೂ ಇಲ್ಲದ ಶ್ರದ್ಧೆಯಿಂದ. ಬಾಯಿ ಮಾತ್ರ ತೆರೆಯಲಿಲ್ಲ. ಹೇಳಿದರೆ ಆಸ್ಪತ್ರೆಗೆ ಸಹಿ ಮಾಡಿ ಕೊಟ್ಟ ಕಾಗದ ಸುಳ್ಳು ಎಂದಾಗುತ್ತಿತ್ತು. ನಲವತ್ತೇಳು ವಯಸ್ಸಿನಲ್ಲಿ ಈ ಊರಿನಲ್ಲಿ ನನಗೆ ಇನ್ನೊಂದು ಅಂಥ ಕೆಲಸ ಎಲ್ಲಿ ಸಿಗುತ್ತಿತ್ತು? ಭಾಯಿ ತಪ್ಪು ಮಾಡಿಲ್ಲವಾದ್ದರಿಂದ ಪೊಲೀಸರೇ ಬಿಟ್ಟುಬಿಡುತ್ತಾರೆ ಎಂದೂ ಅಂದುಕೊಂಡೆ. ಮನೆಯಲ್ಲಿ ನಮ್ಮವರು "ಯಾಕೆ, ಊಟ ಸೇರ್ತಾ ಇಲ್ವಾ?" ಎಂದು ಕೇಳಿದರು. ತಲೆನೋವು ಅಂದೆ.

ಶನಿವಾರ ಬೆಳಿಗ್ಗೆ ಆ ನರ್ಸಿಂಗ್ ಹೋಮಿನ ಸಿಸ್ಟರ್ ಆಫೀಸಿನ ನಂಬರಿಗೆ ಫೋನ್ ಮಾಡಿದರು. ಎತ್ತಿದ್ದು ನಾನು.

"ನಮ್ಮ ಡಾಕ್ಟ್ರು ಇದರಲ್ಲಿ ತಲೆ ಹಾಕಬೇಡ ಅಂದಿದ್ದಾರೆ ಮೇಡಂ. ಆದ್ರೂ ಹೇಳ್ತಿದ್ದೀನಿ. ಮೂವತ್ತು ಮೆಟ್ಟಿಲು, ಆರು ಸಲ ಹತ್ತಿ ಇಳಿದ್ರು ಆ ಮನುಷ್ಯ. ಒಂದು ಬಾಟ್ಲಿ ಹಾಳಾಗಿಲ್ಲ. ಅವರನ್ನ ಕಳ್ಳನ ಥರ ಕೂರಿಸಿದ್ದಾರಂತೆ. ನಿಮ್ಮ ಕಂಪ್ಯೂಟರಲ್ಲಿ ಅದೊಂದೂ ಕಾಣಲ್ವಾ?"

ಕಾಣುವುದಿಲ್ಲ ಎಂದು ಹೇಳಬೇಕಿತ್ತು. ನಮ್ಮ ಲಾಗಿನಲ್ಲಿ ಅಲಾರಂ ನಿಲ್ಲಿಸಿದ್ದು ಬರುತ್ತದೆ, ಮೆಟ್ಟಿಲು ಹತ್ತಿದ್ದು ಬರುವುದಿಲ್ಲ. ನಾನು ಫೋನ್ ಇಟ್ಟು ಮಾಲೀಕರ ಕೋಣೆಗೆ ಹೋಗಿ, ಕೂರದೆ, ನಿಂತುಕೊಂಡೇ ಎಲ್ಲ ಹೇಳಿದೆ.

ಅವರು ಮೆಲ್ಲಗೆ "ಇದು ನಿಮಗೆ ಯಾವತ್ತು ಗೊತ್ತಾಯ್ತು?" ಎಂದು ಕೇಳಿದರು.

"ಬುಧವಾರ."

"ನಾನು ಸ್ಟೇಷನ್ನಿಗೆ ಹೋಗೋ ಮೊದಲೋ, ಆಮೇಲೋ?"

"ಮೊದಲು."

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣೊರೆಸಿಕೊಂಡರು. "ನೀವೇ ಬಂದು ಅಲ್ಲಿ ಹೇಳಬೇಕು, ನನಗೆ ಅದನ್ನ ಹೇಳೋಕೆ ಬರಲ್ಲ" ಅಂದರು.

ಸಬ್ ಇನ್‌ಸ್ಪೆಕ್ಟರ್ ವಯಸ್ಸಿನಲ್ಲಿ ಚಿಕ್ಕವರು, ಸಹನೆ ಇದ್ದವರು. ನಾನು ಒಂದು ಹಾಳೆಯಲ್ಲಿ ಬಾಣ, ಚೌಕ ಎಲ್ಲ ಬರೆದುಕೊಂಡು ಹೋಗಿದ್ದೆ. ಪತ್ರ, ಸೆಷನ್, ಅವಧಿ ಎಂದು ಹೇಳುತ್ತಾ ಹೋದೆ. ಅವರು ಅರ್ಧಕ್ಕೆ ಕೈ ಎತ್ತಿದರು.

"ಅಂದ್ರೆ ಅವರು ಬೀಗ ಒಡೆದಿಲ್ಲ?"

"ಇಲ್ಲ ಸರ್."

"ಬಾಗಿಲು ತೆಗೆದೇ ಇತ್ತು."

"ಹೌದು."

"ತೆಗೆದಿಟ್ಟವರು ಯಾರು?"

"ನಾನು."

"ಅವರಿಗೆ ಕೆಲಸ ಹೋಗಿದೆ ಅಂತ ಆಗ ಗೊತ್ತಿತ್ತಾ?"

"ಇಲ್ಲ. ಸಂಜೆ ಹೇಳಿದ್ದು."

ಅವರು ಮಾಲೀಕರ ಕಡೆ ನೋಡಿದರು, ಮಾಲೀಕರು ನೆಲ ನೋಡುತ್ತಿದ್ದರು. ಹೇಳಿಕೆ ಬರೆಸಿಕೊಂಡರು, ನನ್ನ ಸಹಿ ತೆಗೆದುಕೊಂಡರು. ದೂರು ವಾಪಸು ಪಡೆಯುವುದಕ್ಕೆ ಮಾಲೀಕರು ಇನ್ನೂ ಎರಡು ವಾರ ಓಡಾಡಬೇಕಾಯಿತು. ಕೊಡುವಾಗ ಅರ್ಧ ಗಂಟೆಯಲ್ಲಿ ಕೊಟ್ಟು ಬಂದಿದ್ದರು.

ಹೇಳಿಕೆ ಕೊಟ್ಟ ಮರುದಿನ, ಭಾನುವಾರ, ಭದ್ರಾವತಿ ಬಸ್ಸು ಹತ್ತಿದೆ. ಮಲವಗೊಪ್ಪ ದಾಟುವಾಗ ಇಳಿದು ವಾಪಸು ಹೋಗಿಬಿಡೋಣ ಅನ್ನಿಸಿತು. ಎದ್ದು ನಿಂತೂ ಇದ್ದೆ. ಕಂಡಕ್ಟರ್ "ಇಲ್ಲೇನಾ ಅಕ್ಕಾ?" ಅಂದಾಗ ಇಲ್ಲ ಎಂದು ಕೂತೆ.

ಭಾಯಿಯ ಮನೆ ಹಳೆ ಕ್ವಾರ್ಟರ್ಸ್ ಸಾಲಿನ ಹಿಂದೆ. ಎಷ್ಟೋ ಮನೆಗಳ ಕಿಟಕಿ ಕಿತ್ತು ಹೋಗಿ ಒಳಗೆ ಗಿಡ ಬೆಳೆದಿತ್ತು. ಬಾಗಿಲು ತೆರೆದದ್ದು ಅವರ ಹೆಂಡತಿ. ಹಿಂದೆ ಎರಡು ಸಲ ಆ ಮನೆಯಲ್ಲಿ ಊಟ ಮಾಡಿದ್ದೆ, ಹಬ್ಬದ ದಿನ. ನನ್ನನ್ನು ನೋಡಿ ಆಕೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ಮತ್ತೆ ಒಳಗಿನಿಂದ ಬರಲಿಲ್ಲ.

ಭಾಯಿ ಮಂಚದ ಮೇಲೆ ಕೂತಿದ್ದರು. ಗಡ್ಡ ಬೆಳೆದಿತ್ತು. ನಾನು ಹೇಳಬೇಕೆಂದುಕೊಂಡದ್ದನ್ನೆಲ್ಲ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಸೆಷನ್ನಿನ ಅವಧಿ, ಬರೆಯದೆ ಬಿಟ್ಟ ಸಾಲು, ಲಾಗಿನ ಅಕ್ಷರ, ಠಾಣೆಯಲ್ಲಿ ಕೊಟ್ಟ ಹೇಳಿಕೆ. ಎಲ್ಲ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು.

"ಆ ಟೈಮು ಜಾಸ್ತಿ ಮಾಡಿ ಅಂತ ಕೇಳಿದ್ದು ನಾನೇ ಅಲ್ವಾ ಮೇಡಂ. ಅದು ನಿಮ್ಮ ತಪ್ಪಲ್ಲ ಬಿಡಿ."

ನನಗೆ ಉಸಿರು ಸ್ವಲ್ಪ ಸಡಿಲವಾಯಿತು. ಅವರು ಮುಂದುವರಿಸಿದರು.

"ಆದ್ರೆ ನನ್ನ ಕೆಲಸ ಹೋಗೋದು ಮಂಗಳವಾರ ಬೆಳಿಗ್ಗೆನೇ ನಿಮಗೆ ಗೊತ್ತಿತ್ತಂತೆ, ಆಫೀಸಿನವರು ಹೇಳಿದ್ರು."

"ಹೂಂ."

"ಒಂದು ಫೋನ್ ಮಾಡಿದ್ರೆ ಆಗ್ತಿತ್ತು. ಏನೂ ಹೇಳೋದು ಬೇಡ. ಭಾಯಿ, ಇವತ್ತು ಮನೇಲಿರಿ ಅಂದ್ರೆ ನನಗೆ ಅರ್ಥ ಆಗ್ತಿತ್ತು. ಸಿಸ್ಟರ್‌ಗೆ ಆಫೀಸಿಗೆ ಮಾಡಿ ಅಂತಿದ್ದೆ."

ಅವರು ಮಂಚದ ಮೇಲೆ ಸ್ವಲ್ಪ ಸರಿದು ಕೂತರು.

"ಬೆಂಚಿನ ಮೇಲೆ ಎರಡು ದಿನ ಕೂತಿದ್ದೆ. ನಮ್ಮ ಓಣಿಯವರು ಬಂದು ನೋಡಿಕೊಂಡು ಹೋದ್ರು. ನನ್ನಂಥವನ ಹೆಸರು ಅಲ್ಲಿ ಒಂದು ಸಲ ಬರೆದ್ರೆ ಆಮೇಲೆ ಅಳಿಸಿದ್ದಾರೆ ಅಂದ್ರೂ ಯಾರು ನಂಬ್ತಾರೆ? ಮಗಳ ಸಂಬಂಧ ಮಾತಾಡ್ತಾ ಇದ್ವಿ. ಅವರು ಈಗ ಫೋನ್ ಎತ್ತುತ್ತಿಲ್ಲ." ಸಿಟ್ಟೇ ಇಲ್ಲದ ದನಿಯಲ್ಲಿ, ಯಾವುದೋ ಮೀಟರಿನ ದೋಷ ವಿವರಿಸುವ ಹಾಗೆ ಹೇಳಿದರು. "ನೀವು ಮೂರು ದಿನ ಯಾಕೆ ಸುಮ್ಮನಿದ್ರಿ ಅಂತ ಕೇಳಲ್ಲ. ನನಗೂ ಮನೆ ಮಠ ಇದೆ, ಅರ್ಥ ಆಗುತ್ತೆ. ಆದ್ರೆ ನೀವು ಬರ್ತೀರಿ ಅಂತ ಗುರುವಾರ ಸಂಜೆವರೆಗೂ ಅಂದ್ಕೊಂಡಿದ್ದೆ."

ಕ್ಷಮಿಸಿ ಎಂದೆ. ಪರವಾಗಿಲ್ಲ ಅನ್ನಲಿಲ್ಲ ಅವರು. ಬಾಗಿಲವರೆಗೆ ಬಂದು, ಬಸ್ಸು ಎಷ್ಟು ಹೊತ್ತಿಗಿದೆ ಎಂದು ಹೇಳಿದರು.

ಆಮೇಲೆ ನಡೆದದ್ದು ಇಷ್ಟು. ಮಾಲೀಕರು ದೊಡ್ಡ ಆಸ್ಪತ್ರೆಗೆ ನಿಜ ಬರೆದು ಕಳಿಸಿದರು. ಅದನ್ನು ಅವರ ದೊಡ್ಡತನ ಅಂತಲೇ ಹೇಳಬೇಕು. ಆಸ್ಪತ್ರೆಯವರು ಬೇರೆ ಕಡೆಯಿಂದ ಪೆಟ್ಟಿಗೆ ತರಿಸಿಕೊಂಡರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಆದರೆ ಮಾತು ಕಡಿಮೆಯಾಯಿತು. ಯಾವ ಕಾಗದಕ್ಕೂ ನನ್ನ ಸಹಿ ಕೇಳುವುದು ನಿಂತಿತು. ಎಂಟು ತಿಂಗಳಾದ ಮೇಲೆ ನಾನೇ ಬಿಟ್ಟೆ. ಭಾಯಿಗೆ ಮಾಲೀಕರು ಮತ್ತೆ ಬನ್ನಿ ಎಂದು ಹೇಳಿ ಕಳಿಸಿದರು. ಅವರು ಬರಲಿಲ್ಲ. ಮಲವಗೊಪ್ಪದ ಹತ್ತಿರ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಾರೆಂದು ಕೇಳಿದೆ. ಅಲ್ಲಿ ಕಂಪ್ಯೂಟರ್ ಮುಟ್ಟುವ ಕೆಲಸವಿಲ್ಲ. ಮಗಳ ಮದುವೆ ಆ ಸಂಬಂಧದಲ್ಲಿ ಆಗಲಿಲ್ಲ. ಮತ್ತೆಲ್ಲಿ ಆಯಿತು, ಆಯಿತೋ ಇಲ್ಲವೋ, ಕೇಳುವ ಹಕ್ಕು ನನಗಿದೆ ಅನ್ನಿಸಲಿಲ್ಲ.

ಈಗ ರಾಗಿಗುಡ್ಡದ ಕಡೆ ಮನೆಯಲ್ಲೇ ಕೂತು ಬೇರೆಯವರ ಸಾಫ್ಟ್‌ವೇರ್ ಪರೀಕ್ಷೆ ಮಾಡಿಕೊಡುತ್ತೇನೆ. ಯಾರ ಕೋಡ್ ಬಂದರೂ ಸೆಷನ್ನಿನ ಅವಧಿ ಎಷ್ಟಿಟ್ಟಿದ್ದಾರೆ, ಹೊರಗೆ ಹೋದವರ ಸೆಷನ್ ತೆಗೆಯುತ್ತಾರೆಯೇ ಎಂದು ಮೊದಲು ನೋಡುತ್ತೇನೆ. ಎಚ್ಚರಿಕೆಯ ಹೆಂಗಸು ಎಂದು ನನಗೆ ಹೆಸರಿದೆ. ಆ ಮಾತು ಕೇಳಿದಾಗ ಮುಖ ಬಿಸಿಯಾಗುತ್ತದೆ.

ಹೋದ ತಿಂಗಳು ಭದ್ರಾವತಿ ರೈಲ್ವೆ ನಿಲ್ದಾಣದಲ್ಲಿ ಭಾಯಿ ಸಿಕ್ಕರು. ನಾನು ಯಾವುದೋ ಮದುವೆ ಮುಗಿಸಿ ವಾಪಸು ಬರುತ್ತಿದ್ದೆ. ಅವರು ಬೆಂಚಿನ ಕೊನೆಯಲ್ಲಿ ಒಂದು ಕಾಲು ಚಾಚಿಕೊಂಡು ಕೂತಿದ್ದರು, ಕೈಯಲ್ಲಿ ಎಕ್ಸ್‌ರೇ ಲಕೋಟೆ. ನನ್ನನ್ನು ನೋಡಿ ಏಳಲು ಹೋದರು, ಬೇಡ ಎಂದೆ.

"ಮಂಡಿ ಮೇಡಂ. ಸವೆದಿದೆ ಅಂತಾರೆ. ಶಿವಮೊಗ್ಗದಲ್ಲಿ ತೋರಿಸೋಣ ಅಂತ."

ಯಾವ ಡಾಕ್ಟರು ಎಂದು ಕೇಳಿದೆ, ಹೇಳಿದರು. ಒಳ್ಳೆಯವರಂತೆ ಎಂದೆ. ಹೌದಂತೆ ಎಂದರು. ರೈಲು ಹತ್ತು ನಿಮಿಷ ತಡ ಎಂದು ಮೈಕಿನಲ್ಲಿ ಹೇಳಿದರು. ಹತ್ತು ನಿಮಿಷವೂ ನಾವು ಒಂದೇ ಬೆಂಚಿನಲ್ಲಿ ಕೂತಿದ್ದೆವು, ನಡುವೆ ಅವರ ಲಕೋಟೆ ಇತ್ತು. ಒಂದೆರಡು ಸಲ ನಾನು ಬಾಯಿ ತೆರೆದೆ. ಬಂದದ್ದು ಬಿಸಿಲಿನ ಮಾತು. ರೈಲು ಬಂದಾಗ ಅವರು ಮುಂದಿನ ಬೋಗಿಗೆ ನಡೆದರು, ಅಲ್ಲಿ ಮೆಟ್ಟಿಲು ತಗ್ಗು ಎಂದು. ನಾನು ಹಿಂದಿನದಕ್ಕೆ ಹತ್ತಿದೆ.